ನಡುಮನೆಯಲ್ಲಿ ಕಡಲು ಕಟ್ಟಿದ ವರ್ಷ

ಕಳೆದ ವಾರ ಚಾಮರಾಜಪೇಟೆಯ ನಮ್ಮ ಬೀದಿಯ ಮೂಲೆಯಲ್ಲಿ ಕಲಾಯಿ ಹಾಕುವವನೊಬ್ಬ ಒಲೆ ಹೂಡಿಕೊಂಡು ಕೂತಿದ್ದ. ಇವರೆಲ್ಲ ಎಂದೋ ಮುಗಿದುಹೋದರು ಅಂದುಕೊಂಡಿದ್ದೆ. ಯಾರದೋ ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಹತ್ತಿಯ ಉಂಡೆಯಲ್ಲಿ ಸರ್ರನೆ ಒರೆಸಿದ. ಬಿಳಿ ಹೊಗೆ ಎದ್ದು ಮೂಗಿಗೆ ಹೊಡೆಯಿತು. ತರಕಾರಿ ಚೀಲ ಹಿಡಿದು ನಿಂತಿದ್ದ ನಾನು ಸರಸರ ಮನೆ ಕಡೆ ಹೊರಟೆ.

ಮನೆಗೆ ಬಂದು, "ಅತ್ತೆ, ಕಲಾಯಿಯವನು ಬಂದಿದಾನೆ. ಕೊಳಗ ಕೊಡೋಣವಾ?" ಅಂದೆ.

"ಯಾವ ಕೊಳಗ?" ಅಂದಳು ಅತ್ತೆ, ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ.

ಯಾವ ಕೊಳಗ ಅನ್ನುವುದು ಅವಳಿಗೆ ಚೆನ್ನಾಗಿಯೇ ಗೊತ್ತು. ನಡುಮನೆಯ ತೊಟ್ಟಿಯಲ್ಲಿ ಪಂಪು ಗುಳುಗುಳು ಅನ್ನುತ್ತಿತ್ತು.

ಮೂರು ವರ್ಷದ ಹಿಂದಿನ ಮಾತು. ಕಮಲತ್ತೆ ನನ್ನ ಅಪ್ಪನ ಅಕ್ಕ. ನನಗೆ ಏಳು ವರ್ಷವಿದ್ದಾಗ ಅಮ್ಮ ತೀರಿಕೊಂಡ ಮೇಲೆ ಸಾಕಿದವಳು. ನಾನು ಆಡುವ ಮಾತೆಲ್ಲ ಅವಳ ಬಾಯಿಂದ ಉದುರಿದ್ದನ್ನು ಆಯ್ದುಕೊಂಡದ್ದು. ಐವತ್ತು ದಾಟಿದರೂ ಅವಳಿಗೆ ನಾನು ಪುಟ್ಟು. ಮೂರ್ತಿ ಅಂತ ಹೆಸರು ಹಿಡಿದು ಕರೆದರೆ ಏನೋ ತಪ್ಪಾಗಿದೆ ಎಂದೇ ಅರ್ಥ.

ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಗೆ ಶ್ರೀಕಂಠಯ್ಯ ಎನ್ನುವವರು ಪೇಪರು ಓದಲು ಬರುತ್ತಿದ್ದರು. ಔಷಧಿ ತಯಾರಿಸುವ ಕಡೆ ಲ್ಯಾಬಿನಲ್ಲಿದ್ದು ನಿವೃತ್ತರಾದವರು, ಒಂಟಿ ಮನುಷ್ಯ. ಒಂದು ಭಾನುವಾರ ವೈಯಾಲಿಕಾವಲ್‌ನ ತಮ್ಮ ಹಳೇ ಮನೆಗೆ ಕರೆದರು. ಅಲ್ಲಿ ಕೋಣೆಯ ಉದ್ದಕ್ಕೂ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಸಮುದ್ರದ ಒಂದು ತುಂಡನ್ನೇ ಕತ್ತರಿಸಿ ಇಟ್ಟ ಹಾಗೆ. ನಡುವೆ ಅಣಬೆಯಂಥದ್ದೊಂದು ಮೆದು ಹವಳ. ಅದರ ತಲೆಯ ತುಂಬ ಸಾವಿರ ಪುಟ್ಟ ಕೈಗಳು ಅಲೆಗೆ ತೂಗುತ್ತಿದ್ದವು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನುಗಳು ಆ ಕೈಗಳ ನಡುವೆ ಹೊರಳಾಡಿಕೊಂಡಿದ್ದವು.

"ಗಂಡ ಹೆಂಡತಿ. ಹದಿನಾಲ್ಕು ವರ್ಷದಿಂದ ಅದೇ ಹಾಸಿಗೆ," ಅಂದರು. ಆ ಹವಳವನ್ನು ಸಮುದ್ರದಿಂದ ಕಿತ್ತು ತಂದದ್ದಲ್ಲ. ನಮ್ಮ ಕಡಲಲ್ಲಿ ಹವಳ ಮುಟ್ಟುವುದು ಅಪರಾಧ, ಪಾಪವೂ ಹೌದು ಅನ್ನುತ್ತಿದ್ದರು. ಯಾರದೋ ತೊಟ್ಟಿಯಲ್ಲಿ ಬೆಳೆದದ್ದರ ಬೆರಳುದ್ದ ತುಂಡು ಇವರ ಕೈಗೆ ಬಂದು ಊಟದ ತಟ್ಟೆಯಷ್ಟಾಗಿತ್ತು.

ಆಮೇಲೆ ವಿಷಯ ಹೇಳಿದರು. ದಾಯಾದಿಗಳೆಲ್ಲ ಸೇರಿ ಆ ಮನೆಯನ್ನು ಫ್ಲಾಟ್ ಕಟ್ಟುವವರಿಗೆ ಕೊಟ್ಟಾಗಿತ್ತು. ದೀಪಾವಳಿ ಮುಗಿದ ಭಾನುವಾರಕ್ಕೆ ಖಾಲಿ ಮಾಡಬೇಕು. ಅವರು ಹೋಗಬೇಕಾದದ್ದು ಮೂರನೇ ಮಹಡಿಯ ಎರಡು ರೂಮಿಗೆ. ಇಷ್ಟು ಭಾರ ಮೇಲೆ ಇಡಲು ಓನರ್ ಒಪ್ಪುವುದಿಲ್ಲ.

"ಅಂಗಡಿಯವರು ಈಗಲೇ ಬಂದು ತಗೊಂಡು ಹೋಗ್ತಾರೆ ರೀ. ಆದ್ರೆ ಹವಳ ಹತ್ತು ಚೂರಾಗತ್ತೆ, ಮೀನು ಒಂದು ಕಡೆ, ಇದು ಒಂದು ಕಡೆ. ನೀವು ಸಾಕ್ತೀರಾ? ಈಗ ಯುಗಾದಿ. ದೀಪಾವಳಿವರೆಗೂ ಟೈಮಿದೆ. ಅಷ್ಟರಲ್ಲಿ ನಿಮ್ಮದೇ ಒಂದು ಸಮುದ್ರ ಮಾಡ್ಕೊಳಿ."

"ಏಳು ತಿಂಗಳು ಬೇಕಾ ಸಾರ್?"

"ಸಾಲದು. ಆದ್ರೆ ಇರೋದು ಅಷ್ಟೇ."

ಮನೆಯಲ್ಲಿ ಜಾಗದ ಪ್ರಶ್ನೆ ಬಂತು. ಬಿಸಿಲು ಬೀಳದ, ನೆಲ ಸಮನಾಗಿರುವ ಗೋಡೆ ಒಂದೇ ಒಂದಿತ್ತು: ಅತ್ತೆ ನವರಾತ್ರಿಗೆ ಗೊಂಬೆ ಕೂರಿಸುವ ಗೋಡೆ. ನಲವತ್ತು ವರ್ಷದಿಂದ ಪಟ್ಟದ ಗೊಂಬೆಗಳು ಕೂರುತ್ತಿದ್ದ ಜಾಗ. ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಹೆಂಡತಿ ಸುಮಾ ಕೇಳಿದಳು. ಅತ್ತೆ ಆ ಗೋಡೆಯನ್ನು ಒಂದು ಸಲ ನೋಡಿ, "ಗೊಂಬೆಗಳು ಹತ್ತು ದಿನ ಕೂತು ಎದ್ದು ಹೋಗೋವು. ಇವು ಜೀವ ಇರೋವಲ್ವಾ? ಇಡ್ಲಿ ಬಿಡು," ಅಂದಳು.

ಅಕ್ಷಯ ತದಿಗೆಯ ದಿನ ನಾಲ್ಕು ಅಡಿಯ ತೊಟ್ಟಿಗೆ ನೀರು ತುಂಬಲು ಶುರುಮಾಡಿದೆ. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ನೇರ ಬಳಸುವ ಹಾಗಿಲ್ಲ. ಮಹಡಿಯ ಬಚ್ಚಲಲ್ಲಿ ಫಿಲ್ಟರ್ ಹಾಕಿಸಿ, ತೊಟ್ಟಿಕ್ಕುವ ನೀರನ್ನು ಹನಿಹನಿಯಾಗಿ ಹಿಡಿದು, ಬಾಡಿಗೆ ಡ್ರಮ್ಮಿನಲ್ಲಿ ಉಪ್ಪು ಕಲಸಿ ಎಂಟು ದಿನಕ್ಕೆ ತುಂಬಿ ಮುಗಿಸಿದೆ. ಅತ್ತೆ ತಾಮ್ರದ ಪಂಚಪಾತ್ರೆ ತಂದು, "ಸಮುದ್ರರಾಜನಿಗೆ ಒಂದು," ಅಂತ ಒಂದೇ ಒಂದು ಉದ್ಧರಣೆ ತೀರ್ಥ ಬಿಟ್ಟಳು. ನಾನೂ ನಕ್ಕು ಕೈಮುಗಿದೆ.

ನೀರು ತುಂಬಿದರೆ ಸಮುದ್ರವಾಗುವುದಿಲ್ಲ. ಕೊಳಕನ್ನು ತಿಂದು ಅರಗಿಸುವ ಕಣ್ಣಿಗೆ ಕಾಣದ ಜೀವಗಳು ತಳಕ್ಕೆ ಹಾಕಿದ ಮರಳು, ಕಲ್ಲುಗಳಲ್ಲಿ ಮೊದಲು ನೆಲೆಸಬೇಕು. ಅವಕ್ಕೆ ಆಹಾರವಾಗಿ ಬೇರೆಯವರು ಸತ್ತ ಸೀಗಡಿಯ ತುಂಡು ಹಾಕುತ್ತಾರಂತೆ. "ನಿಮ್ಮನೆಗೆ ಅದು ಬೇಡ," ಅಂತ ಶ್ರೀಕಂಠಯ್ಯ ಒಂದು ಸೀಸೆಯಲ್ಲಿ ಬಿಳಿ ಪುಡಿ ಕೊಟ್ಟರು. ಶುದ್ಧ ನವಸಾಗರ. ನಾನು ಚಿಟಿಕೆ ತೂಗುತ್ತಿದ್ದಾಗ ಅತ್ತೆ ಬಗ್ಗಿ ನೋಡಿದಳು.

"ನವಸಾಗರವಾ? ಕಲಾಯಿಯವನು ಹಾಕ್ತಿದ್ನಲ್ಲೋ ಇದನ್ನ. ಈಗ ಬರೋದೇ ಇಲ್ಲ. ನಮ್ಮ ಪಾತ್ರೆಗಳು ಕಲಾಯಿ ಕಂಡು ಎಷ್ಟು ವರ್ಷವಾಯ್ತೋ ಏನೋ."

"ಹೂಂ," ಅಂದೆ. ನನ್ನ ಕಣ್ಣೆಲ್ಲ ತಕ್ಕಡಿಯ ಮೇಲಿತ್ತು. ಆ 'ಹೂಂ' ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಜ್ಯೇಷ್ಠ ಕಳೆಯಿತು. ಆಷಾಢದ ಗಾಳಿ ಕಿಟಕಿ ಬಡಿಯಿತು. ತೊಟ್ಟಿಯಲ್ಲಿ ಕಂದು ಪಾಚಿ ಬಂತು, ಹೋಯಿತು, ಹಸಿರು ಬಂತು. ಬಂದವರೆಲ್ಲ "ಏನ್ರೀ, ಬರೀ ಕಲ್ಲು?" ಅಂತ ಕೇಳಿ ಹೋದರು. ದಿನಾ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಫೋನಿನಲ್ಲಿ ಶ್ರೀಕಂಠಯ್ಯನವರ ಉತ್ತರ ಯಾವಾಗಲೂ ಒಂದೇ: "ಏನೂ ಮಾಡಬೇಡಿ. ಕೈ ಕಟ್ಕೊಂಡು ಕೂತ್ಕೊಳಿ."

ಶ್ರಾವಣದಿಂದ ವಾರಕ್ಕೆ ಇಪ್ಪತ್ತು ಲೀಟರ್ ನೀರು ಬದಲಾಯಿಸಬೇಕಾಯಿತು. ಡ್ರಮ್ಮು ವಾಪಸ್ಸು ಹೋಗಿತ್ತು. ಹೊಸ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ರಾತ್ರಿಯಿಡೀ ನೀರು ನಿಲ್ಲುವುದು ನನಗೆ ಒಪ್ಪಿಗೆಯಾಗಲಿಲ್ಲ. ಒಳ್ಳೇ ನೀರು ಒಳ್ಳೇ ಪಾತ್ರೆಯಲ್ಲಿರಬೇಕು ಅಂತ ಬೆಳೆದವನು ನಾನು. ಅಟ್ಟದ ಮೇಲೆ ಅಜ್ಜಿಯ ಕಾಲದ ಹಿತ್ತಾಳೆ ಕೊಳಗವಿತ್ತು. ಸರಿಯಾಗಿ ಇಪ್ಪತ್ತು ಲೀಟರ್ ಹಿಡಿಯುವಂಥದ್ದು. ಕಂಠದ ಒಳಗೆ ಕಲಾಯಿ ಬೆಳ್ಳಗೆ ಹೊಳೆಯಿತು. ಕೆಳಗಿಳಿಸಿ, ಮಹಡಿಯ ಬಚ್ಚಲಲ್ಲಿಟ್ಟು, ಅದರಲ್ಲೇ ಉಪ್ಪು ಕಲಸಿ, ಬೆಳಿಗ್ಗೆ ಬಕೆಟ್ಟಿಗೆ ಬಗ್ಗಿಸಿ ಕೆಳಗೆ ತರುತ್ತಿದ್ದೆ. ಮಂಡಿನೋವಿನ ಅತ್ತೆ ಮಹಡಿ ಹತ್ತುವುದಿಲ್ಲ. ಸುಮಾಗೆ ಬೆಳಿಗ್ಗೆ ಸ್ಕೂಲಿನ ಅವಸರ.

ಗಣೇಶನ ಹಬ್ಬ ಆದ ಮೇಲೆ ಶ್ರೀಕಂಠಯ್ಯ ಬಂದರು. ತೊಟ್ಟಿಯ ಮುಂದೆ ಅರ್ಧ ಗಂಟೆ ಕೂತು ನೋಡಿದರು. ಆಮೇಲೆ ಡಬ್ಬಿಯಿಂದ ಆರು ಬಸವನಹುಳು, ತಮ್ಮ ಹವಳದಿಂದ ಕತ್ತರಿಸಿದ ಬೆರಳುದ್ದ ತುಂಡು ತೆಗೆದರು.

"ಇದು ಪರೀಕ್ಷೆ. ಇವು ಒಂದು ತಿಂಗಳು ಚೆನ್ನಾಗಿದ್ರೆ ಉಳಿದಿದ್ದೆಲ್ಲ ನಿಮ್ಮದು. ಇಲ್ಲ ಅಂದ್ರೆ..." ಕಾಫಿ ಲೋಟ ಎತ್ತಿಕೊಂಡರು.

ಹತ್ತು ದಿನ ಎಲ್ಲ ಸರಿಯಿತ್ತು. ತುಂಡು ಹವಳ ತನ್ನ ಪುಟ್ಟ ಕೈಗಳನ್ನು ಚಾಚಿದ್ದನ್ನು ನೋಡಿ ಅತ್ತೆ ದೃಷ್ಟಿ ತೆಗೆದಳು. ನವರಾತ್ರಿಗೆ ಗೊಂಬೆಗಳು ಎದುರುಗೋಡೆಗೆ ಹೋದವು. ನೋಡಲು ಬಂದವರೆಲ್ಲ ತೊಟ್ಟಿಯ ಕಡೆಯೇ ತಿರುಗುತ್ತಿದ್ದರು. ಅತ್ತೆಗೆ ಅದೇ ಹೆಮ್ಮೆ. "ಈ ಸಲ ನಮ್ಮನೇಲಿ ಕ್ಷೀರಸಾಗರದ ಸೆಟ್ಟು," ಅಂತ ಎಲ್ಲರಿಗೂ ಹೇಳುತ್ತಿದ್ದಳು.

ನವರಾತ್ರಿಯ ಮೂರನೇ ಬೆಳಿಗ್ಗೆ ಬಸವನಹುಳು ಒಂದು ಮರಳಿನ ಮೇಲೆ ಅಂಗಾತ ಬಿದ್ದಿತ್ತು. ಸಂಜೆಗೆ ಇನ್ನೆರಡು. ಹವಳದ ತುಂಡು ಕೈಗಳನ್ನೆಲ್ಲ ಒಳಗೆಳೆದುಕೊಂಡು ಮೇಣದ ಗೊಂಬೆಯ ಹಾಗೆ ನಿಂತಿತ್ತು. ಫೋನು ಮಾಡಿದೆ.

"ಹವಳ ಪೊರೆ ಬಿಡ್ತಿರಬಹುದು. ಆದ್ರೆ ಹುಳು ಸತ್ತಿದ್ದು ಸರಿಯಿಲ್ಲ. ಹುಳು ಮೊದಲು ಹೋದ್ರೆ ತಾಮ್ರ ಅಂತ ಅನುಮಾನ. ಮನೇಲಿ ತಾಮ್ರ ಎಲ್ಲೆಲ್ಲಿದೆ?"

"ದೇವರ ಮನೇಲಿ ಮಾತ್ರ ಸಾರ್."

ತಾಮ್ರ ನೋಡುವ ದ್ರಾವಣ ತಂದು ಪರೀಕ್ಷೆ ಮಾಡಿದೆ. ಇರಬಾರದ ಬಣ್ಣ ಬಂತು. ಅವರು ಹೇಳಿದಂತೆ ದಿನಾ ಇಪ್ಪತ್ತು ಲೀಟರ್ ನೀರು ಬದಲಾಯಿಸತೊಡಗಿದೆ. ಮೂರು ದಿನ ಬಿಟ್ಟು ನೋಡಿದರೆ ಬಣ್ಣ ತಿಳಿಯಾಗಿರಬೇಕಿತ್ತು. ಮೊದಲಿಗಿಂತ ಗಾಢವಾಗಿತ್ತು. ಮತ್ತೆ ಫೋನು ಮಾಡಿದೆ.

"ಹೊಸ ನೀರು ಹಾಕಿದಷ್ಟೂ ಹೆಚ್ಚುತ್ತಿದೆ ಅಂದ್ರೆ," ಅಂದರು ಶ್ರೀಕಂಠಯ್ಯ ನಿಧಾನವಾಗಿ, "ಮನೇಲಿ ಯಾರೋ ದಿನಾ ಹಾಕ್ತಿದಾರೆ ಕಣ್ರೀ."

ಫೋನಿಟ್ಟವನು ನೇರ ನಡುಮನೆಗೆ ಬಂದೆ. ಪಕ್ಕದ ಮನೆಯ ಶಾರದಮ್ಮ ಗೊಂಬೆ ನೋಡಲು ಬಂದು ಚಾಪೆಯ ಮೇಲೆ ಕೂತಿದ್ದರು. ಅತ್ತೆ ಅವರಿಗೆ ಕುಂಕುಮ ಕೊಡುತ್ತಿದ್ದಳು. ಅವಳ ಎಡಗೈಯಲ್ಲಿ ಪಂಚಪಾತ್ರೆ.

"ಅತ್ತೆ, ದಿನಾ ತೊಟ್ಟಿಗೆ ತೀರ್ಥ ಬಿಡ್ತಿದೀಯಾ?"

"ಇಲ್ವಲ್ಲೋ. ನೀರು ತುಂಬಿದ ದಿನ ಬಿಟ್ಟಿದ್ದು ಅಷ್ಟೇ. ನೀನೇ ಇದ್ದೆ."

"ಮತ್ತೆ ತಾಮ್ರ ಎಲ್ಲಿಂದ ಬರತ್ತೆ? ಅವು ಸಾಯ್ತಾ ಇವೆ. ಸುಳ್ಳು ಹೇಳಬೇಡ ಅತ್ತೆ."

ಶಾರದಮ್ಮ ಸೆರಗು ಸರಿಮಾಡಿಕೊಂಡು, "ನಾನು ಆಮೇಲೆ ಬರ್ತೀನಿ ಕಮಲಮ್ಮ," ಅಂತ ಎದ್ದರು. ಅತ್ತೆ ಅವರಿಗೆ ತಾಂಬೂಲ ಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿ, ವಾಪಸ್ಸು ಬಂದು, "ಊಟಕ್ಕೆ ಬಾ ಮೂರ್ತಿ," ಅಂದಳು.

ಮೂರ್ತಿ.

ಮಾರನೇ ದಿನದಿಂದ ಅವಳು ತೊಟ್ಟಿಯ ಕಡೆಗೆ ನಡೆಯಲಿಲ್ಲ. ದೇವರ ಮನೆಯಿಂದ ಅಡುಗೆಮನೆಗೆ ನಡುಮನೆಯ ಮೇಲೆ ಹೋದರೆ ಹತ್ತಿರ; ಅವಳು ಪ್ಯಾಸೇಜು ಸುತ್ತಿಕೊಂಡು ಹೋಗುತ್ತಿದ್ದಳು, ಆ ಮಂಡಿನೋವಿನಲ್ಲಿ. ಸುಮಾ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, "ತಪ್ಪು ಅವರದ್ದೇ ಇದ್ರೂ ಹಾಗೆ ಅನ್ನೋದಾ?" ಅಂದಳು. ನನಗೆ ಆಗ ಹವಳದ ಚಿಂತೆ. ಅತ್ತೆ ತೊಟ್ಟಿಯ ಹತ್ತಿರ ಬಾರದೆ ಇದ್ದುದು ಒಳ್ಳೆಯದೇ ಆಯಿತು ಅಂತ, ಹೇಳಲು ನಾಚಿಕೆಯಾಗುತ್ತದೆ, ಒಳಗೊಳಗೇ ಸಮಾಧಾನವೂ ಆಗಿತ್ತು.

ಆದರೆ ಬಣ್ಣ ಇಳಿಯಲಿಲ್ಲ. ದಿನಾ ನೀರು ಬದಲಾಯಿಸಿದೆ, ವಿಷ ಹೀರಲಿ ಅಂತ ಇದ್ದಿಲ ಚೀಲ ಕಟ್ಟಿದೆ. ಆರೂ ಹುಳು ಹೋದವು. ಹವಳದ ತುಂಡು ದಿನದಿಂದ ದಿನಕ್ಕೆ ಕರಗುತ್ತಾ ಕಡ್ಡಿಯಂತಾಯಿತು. ವೈಯಾಲಿಕಾವಲ್‌ನಲ್ಲಿ ಕಿಟಕಿ ಬಾಗಿಲು ಬಿಚ್ಚುವವರು ಬಂದು ಅಳತೆ ತೆಗೆದುಕೊಂಡು ಹೋದರಂತೆ. "ಅಂಗಡಿಯವರಿಗೆ ಹೇಳಿಬಿಡಲಾ?" ಅಂತ ಶ್ರೀಕಂಠಯ್ಯ ಕೇಳಿದರು. ಅವರ ದನಿಯಲ್ಲಿ ಬೇಸರವಿರಲಿಲ್ಲ. ಅದು ಇದ್ದಿದ್ದರೆ ಚೆನ್ನಾಗಿತ್ತು.

"ಹಬ್ಬದವರೆಗೂ ತಡೀರಿ ಸಾರ್."

ಹಬ್ಬ ಬಂತು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಮನೆಯ ಹಂಡೆ, ಕೊಳಗ, ಬಿಂದಿಗೆಗಳನ್ನೆಲ್ಲ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬಿ, ಮಾರನೇ ದಿನದ ಎಣ್ಣೆಸ್ನಾನಕ್ಕೆ ಇಡಬೇಕು. ಗೀಸರ್ ಬಂದರೂ ಅತ್ತೆ ಅದನ್ನು ಬಿಟ್ಟವಳಲ್ಲ. ಮಧ್ಯಾಹ್ನ ಸುಮಾ ಮೇಲಿದ್ದ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಇಳಿಸಿ ಕೊಟ್ಟಳು. ಅತ್ತೆ ಹುಣಸೆಹಣ್ಣು, ಬೂದಿ ಇಟ್ಟುಕೊಂಡು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತಿದ್ದಳು.

"ಮೂರ್ತಿ, ಇಲ್ಲಿ ಬಾ."

ಹೋದೆ. ಕೊಳಗವನ್ನು ಬಿಸಿಲಿಗೆ ಓರೆ ಮಾಡಿ ಹಿಡಿದಿದ್ದಳು.

"ಇದರಲ್ಲಿ ಏನು ಕಲಸ್ತಿದ್ದೆ?"

ಕಂಠದ ಸುತ್ತ ಎರಡು ಬೆರಳಷ್ಟು ಬೆಳ್ಳಗೆ. ಅದರ ಕೆಳಗೆ ಕಲಾಯಿಯೇ ಇರಲಿಲ್ಲ. ಬರೀ ಹಿತ್ತಾಳೆ, ಅದರ ಮೇಲೆ ಉಪ್ಪಿನ ಗೆರೆ, ತಳದ ತುಂಬ ನವಿಲು ಬಣ್ಣದ ಕಿಲುಬು. ಬಚ್ಚಲ ಮಂದ ಬೆಳಕಲ್ಲಿ, ತುಂಬಿದ ನೀರಿನ ಮೇಲಿಂದ, ನಾನು ಅದನ್ನು ಒಂದು ದಿನವೂ ನೋಡಿರಲಿಲ್ಲ.

"ಉಪ್ಪುನೀರು," ಅಂದೆ.

"ಎಷ್ಟು ದಿನದಿಂದ?"

"ಶ್ರಾವಣದಿಂದ."

ಹಿತ್ತಾಳೆ ಅಂದರೆ ಮುಕ್ಕಾಲು ಪಾಲು ತಾಮ್ರವೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಾಮ್ರ ಅಂದಾಗ ಕಣ್ಣು ದೇವರ ಮನೆಗೆ ಹೋಯಿತೇ ಹೊರತು ಬಚ್ಚಲಿಗೆ ಹೋಗಲಿಲ್ಲ. ಗುಣವಾಗಲಿ ಅಂತ ದಿನಾ ಹೊತ್ತು ತಂದು ಸುರಿದದ್ದೇ ವಿಷ. ಮನೆಯಲ್ಲಿ ದಿನಾ ಹಾಕುತ್ತಿದ್ದವನು ನಾನೇ.

"ಕಲಾಯಿ ಹೋಯ್ತು ಅಂತ ಇದರಲ್ಲಿ ಹುಳಿ ಕುದಿಸೋದು ಬಿಟ್ಟು ಎಷ್ಟೋ ವರ್ಷ ಆಯ್ತು," ಅಂದಳು ಅತ್ತೆ. ಕೊಳಗಕ್ಕೆ ಹೇಳುತ್ತಿದ್ದಾಳೋ ನನಗೋ ತಿಳಿಯಲಿಲ್ಲ. "ಉಪ್ಪು ಹುಳಿ ಬಿದ್ರೆ ಕಿಲುಬು ಅಂತ ಸುಮಾಗೆ ಬಂದ ವಾರವೇ ಹೇಳಿದ್ದೆ. ನಿನಗೆ ಹೇಳಿರಲಿಲ್ಲ. ಅಡುಗೆಮನೆ ಮಾತು, ಗಂಡುಹುಡುಗನಿಗೆ ಯಾಕೆ ಅಂತ. ಅದು ನನ್ನ ತಪ್ಪು."

"ಅತ್ತೆ, ತಪ್ಪಾಯ್ತು ಅತ್ತೆ," ಅಂದೆ.

"ನನ್ನ ಹತ್ರ ಯಾಕೆ ಹೇಳ್ತೀಯಾ? ನೀನು ಅಂದಿದ್ದು ಶಾರದಮ್ಮನ ಎದುರಿಗೆ."

ಇಷ್ಟೇ ಹೇಳಿ ಹುಣಸೆಹಣ್ಣು ತೆಗೆದುಕೊಂಡು ಉಜ್ಜಲು ಶುರುಮಾಡಿದಳು.

ಮಾರನೇ ದಿನ ಎಣ್ಣೆಸ್ನಾನ ಮುಗಿಸಿ, ತಲೆ ಇನ್ನೂ ಒದ್ದೆ ಇರುವಾಗಲೇ ಪಕ್ಕದ ಮನೆಗೆ ಹೋದೆ. ಶಾರದಮ್ಮ ರಂಗೋಲಿ ಹಾಕುತ್ತಿದ್ದರು. ಬೀದಿಯಲ್ಲಿ ಪಟಾಕಿ. ಕೂಗಿಯೇ ಹೇಳಬೇಕಾಯಿತು. "ಅವತ್ತು ಅತ್ತೆ ಸುಳ್ಳು ಹೇಳಲಿಲ್ಲ ಶಾರದಮ್ಮ. ತಪ್ಪು ಮಾಡಿದ್ದು ನಾನು." ಎದುರುಮನೆಯ ಜಗುಲಿಯಲ್ಲಿ ಕೂತಿದ್ದವರೂ ತಿರುಗಿ ನೋಡಿದರು.

"ಅಯ್ಯೋ, ಅವತ್ತೇ ನಮ್ಮನೆಯವರಿಗೆ ಹೇಳಿದೆ, ಕಮಲಮ್ಮ ಅಂಥವರಲ್ಲ, ಆ ಮೀನಿನ ಹುಚ್ಚಲ್ಲಿ ಮೂರ್ತಿಗೆ ತಲೆ ಕೆಟ್ಟಿದೆ ಅಂತ," ಅಂದರು. "ಇನ್ನೂ ಬಂದಿಲ್ಲ ಅಂತ ಕಾಯ್ತಿದ್ದೆ. ತಗೋ, ಕಜ್ಜಾಯ."

ಅಲ್ಲಿಂದಲೇ ಶ್ರೀಕಂಠಯ್ಯನವರಿಗೆ ಫೋನು ಮಾಡಿದೆ. ಕೊಳಗದ ಕಥೆಯನ್ನೆಲ್ಲ ಹೇಳಿದೆ.

"ಲ್ಯಾಬಿನವನು ನಾನು. ಉಪ್ಪು ಯಾವುದರಲ್ಲಿ ಕಲಸ್ತೀರಿ ಅಂತ ಒಂದು ದಿನ ಕೇಳಲಿಲ್ಲ ನೋಡಿ," ಅಂದರು. "ಈಗ ಹೇಳ್ತೀನಿ ಕೇಳಿ. ನಿಮ್ಮ ನೀರು, ಮರಳು, ಕಲ್ಲು ಎಲ್ಲಾ ತೆಗೆದು ಬಿಸಾಕಿ. ತಾಮ್ರ ಕುಡಿದ ಕಲ್ಲು ನಂಬಕ್ಕಾಗಲ್ಲ. ಪಂಪು, ಪೈಪು ಹೊಸದು ಹಾಕಿ. ಗಾಜು ಒಂದು ಇಟ್ಕೊಂಡು ವಿನಿಗರ್ ಹಾಕಿ ತೊಳೀರಿ. ಭಾನುವಾರ ನನ್ನ ಕಲ್ಲು, ನನ್ನ ನೀರು ತಗೊಂಡು ಹೋಗಿ."

"ಕಲ್ಲು ನಿಮ್ಮ ಚಿಕ್ಕ ತೊಟ್ಟಿಗೆ ಅಂತ ಇಟ್ಕೊಂಡಿದ್ರಲ್ಲ ಸಾರ್?" ಹೊಸ ಮನೆಗೆ ಅಂತ ಅವರು ಮೊಳ ಉದ್ದದ ತೊಟ್ಟಿಯೊಂದನ್ನು ತಂದಿಟ್ಟಿದ್ದರು. ಅವರಿಗೆ ಉಳಿಯಬೇಕಾಗಿದ್ದ ಸಮುದ್ರ ಅಷ್ಟೇ.

"ನಿಮ್ಮ ತೊಟ್ಟಿ ನೆಲೆ ನಿಂತ ಮೇಲೆ ಎರಡು ಕಲ್ಲು ನನಗೆ ವಾಪಸ್ಸು ಕೊಡಿ. ಅವಸರ ಏನಿಲ್ಲ."

ಏಳು ತಿಂಗಳು ಕಾದು ಕಟ್ಟಿದ ಸಮುದ್ರವನ್ನು ಒಂದು ಮಧ್ಯಾಹ್ನದಲ್ಲಿ ಮೋರಿಗೆ ಬಿಟ್ಟೆ. ಭಾನುವಾರ ಗೂಡ್ಸ್ ಆಟೋದಲ್ಲಿ ಹದಿನಾಲ್ಕು ಕ್ಯಾನು ನೀರು, ಒದ್ದೆ ಗೋಣಿಯಲ್ಲಿ ಸುತ್ತಿದ ಕಲ್ಲುಗಳು. ನನ್ನ ತೊಡೆಯ ಮೇಲೆ ಮುಚ್ಚಳದ ಬಕೆಟ್ಟು, ಅದರೊಳಗೆ ಹವಳ ಮತ್ತು ಆ ಗಂಡ ಹೆಂಡತಿ. ಶೇಷಾದ್ರಿಪುರ ದಾಟಿದ್ದೇ ಮೆಜೆಸ್ಟಿಕ್ ಹತ್ತಿರ ಗಾಡಿ ನಿಂತುಬಿಟ್ಟಿತು. ಉಳಿದ ಪಟಾಕಿಯನ್ನೆಲ್ಲ ಅಂದೇ ಸುಡುತ್ತಿದ್ದರು. ಒಂದೊಂದು ಸದ್ದಿಗೂ ಬಕೆಟ್ಟಿನ ಒಳಗಿಂದ ಬಾಲ ಬಡಿದದ್ದು ನನ್ನ ಅಂಗೈಗೆ ತಿಳಿಯುತ್ತಿತ್ತು. ಆಮೇಲೆ ಬಡಿತವೂ ನಿಂತಿತು. ಮುಚ್ಚಳ ತೆಗೆಯಲು ಧೈರ್ಯ ಬರಲಿಲ್ಲ. ಡ್ರೈವರ್ ಒಂದು ಸಲ ತಿರುಗಿ ನೋಡಿ, "ಏನ್ ಸಾರ್, ಪಾಯಸಾನಾ?" ಅಂದ. ನನಗೆ ನಗು ಬರಲಿಲ್ಲ.

ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಕ್ಯಾನುಗಳು ಒಳಗೆ ಬಂದವು. ಕಲ್ಲು ಜೋಡಿಸಿದೆ. ಮೊದಲ ನೀರು ಸುರಿಯಬೇಕು ಅನ್ನುವಾಗ ನಾಲ್ಕು ವಾರದ ಮೇಲೆ ಮೊದಲ ಸಲ ಅವಳು ತೊಟ್ಟಿಯ ಹತ್ತಿರ ಬಂದಳು.

"ನಾನು ಮುಟ್ಟಬಹುದೇನಪ್ಪ?"

"ನೀನೇ ಹಾಕು ಅತ್ತೆ."

ಅವಳು ತಕ್ಷಣ ಕೈ ಚಾಚಲಿಲ್ಲ. ಮೊದಲು ಎಡಗೈ ಬೆರಳಿನಿಂದ, ಗಂಟುನೋವಿಗೆ ಅಂತ ಇಪ್ಪತ್ತು ವರ್ಷದಿಂದ ಹಾಕಿಕೊಂಡಿದ್ದ ತಾಮ್ರದ ಉಂಗುರವನ್ನು ಸೋಪು ಹಚ್ಚಿ ತಿರುಚಿ ತಿರುಚಿ ತೆಗೆದಳು. ಗಂಟು ದಪ್ಪಗಾಗಿತ್ತು, ಚರ್ಮ ಕೆಂಪಾಯಿತು. ಉಂಗುರವನ್ನು ನನ್ನ ಅಂಗೈಯಲ್ಲಿಟ್ಟು, ಕೈ ತೊಳೆದುಕೊಂಡು ಬಂದು, ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ತುಂಬಿ ತೊಟ್ಟಿಗೆ ಬಿಟ್ಟಳು. ನಾನು ಮುಂದಿನ ಕ್ಯಾನಿನ ಮುಚ್ಚಳ ತೆಗೆದೆ.

ಮೀನುಗಳು ಬದುಕಿದ್ದವು. ಹವಳ ಮಾತ್ರ ಮುಚ್ಚಿಕೊಂಡೇ ಇತ್ತು. ಒಂದು ದಿನ, ಮೂರು ದಿನ, ಆರು ದಿನ. ಮೀನುಗಳು ಅದರ ಬೋಳು ತಲೆಯ ಸುತ್ತ ಸುತ್ತಿ ಸುತ್ತಿ ಮೂಲೆಗೆ ಹೋಗಿ ನಿಲ್ಲುತ್ತಿದ್ದವು. ಶ್ರೀಕಂಠಯ್ಯ ಫೋನಿನಲ್ಲಿ "ಕೈ ಕಟ್ಕೊಂಡು ಕೂತ್ಕೊಳಿ" ಅನ್ನುತ್ತಿದ್ದರು. ಆದರೆ ದಿನಕ್ಕೆ ನಾಲ್ಕು ಸಲ ಅವರೇ ಫೋನು ಮಾಡುತ್ತಿದ್ದರು. ಅತ್ತೆ ಪ್ಯಾಸೇಜು ಬಿಟ್ಟು ನಡುಮನೆಯ ಮೇಲೆಯೇ ಓಡಾಡುತ್ತಿದ್ದಳು. ಕರೆಯುವಾಗ ಮಾತ್ರ ಇನ್ನೂ ಮೂರ್ತಿಯೇ.

ಒಂಬತ್ತನೇ ಬೆಳಿಗ್ಗೆ ನಾನು ಮಹಡಿಯಲ್ಲಿ ಫಿಲ್ಟರ್ ನೀರು ಹಿಡಿಯುತ್ತಿದ್ದೆ, ಪ್ಲಾಸ್ಟಿಕ್ ಬಕೆಟ್ಟಿಗೆ. ಕೆಳಗಿನಿಂದ ಕೂಗು ಬಂತು.

"ಪುಟ್ಟೂ..."

ಕೈಯಲ್ಲಿದ್ದ ಮಗ್ಗು ಹಾಗೇ ನಿಂತಿತು.

"ಪುಟ್ಟೂ, ಬಾರೋ ಬೇಗ. ನಿನ್ನ ಅಣಬೆ ಕೈ ಬಿಚ್ಚಿದೆ. ಎರಡೂ ಒಳಗೆ ಹೋಗಿ ಮಲಗಿವೆ ನೋಡು. ಮೆಲ್ಲಗೆ ಇಳಿ, ದಡಬಡ ಅನ್ನಿಸಿ ಎಬ್ಬಿಸಬೇಡ ಅವನ್ನ."